ಮಿಡಿಸೌತೆ, ಕ್ಯೂಆರ್ ಚೀಟಿ ಮತ್ತು ನಮ್ಮ ಗ್ರೇಡಿಂಗ್ ಮಷೀನು

ನಾನು ಕೆಲಸ ಮಾಡುವುದು ಮಿಡಿಸೌತೆಯನ್ನು ಡ್ರಮ್ಮಿಗೆ ತುಂಬಿ ವಿದೇಶಕ್ಕೆ ಕಳಿಸುವ ಫ್ಯಾಕ್ಟರಿಯಲ್ಲಿ. ಬರ್ಗರ್ ಒಳಗೆ ಹುಳಿಹುಳಿಯಾಗಿ ಸಿಗುತ್ತಲ್ವಾ, ಅದೇ. ಕರ್ನಾಟಕಕ್ಕೆ 1990ರ ದಶಕದಲ್ಲಿ ಬಂದ ಬೆಳೆ. ನಮ್ಮಲ್ಲಿ ಬೆಳೆಯುವವರೇ ಜಾಸ್ತಿ, ತಿನ್ನುವವರು ಕಡಿಮೆ.

ಇದರಲ್ಲಿ ಕಾಯಿ ಚಿಕ್ಕದಿದ್ದಷ್ಟೂ ರೇಟು. ಕಿಲೋಗೆ 160ಕ್ಕಿಂತ ಜಾಸ್ತಿ ಕಾಯಿ ನಿಂತರೆ ಒಳ್ಳೆ ಗ್ರೇಡ್. ಒಂದು ದಿನ ಕೊಯ್ಯದಿದ್ದರೆ ದಪ್ಪವಾಗಿ ಕೆಳಗಿನ ಗ್ರೇಡಿಗೆ ಬೀಳುತ್ತದೆ. ಹಾಗಾಗಿ ದಿನಾ ಕೊಯ್ಲು, ಸಂಜೆ ಊರಿನ ಕಲೆಕ್ಷನ್ ಸೆಂಟರ್, ರಾತ್ರಿ ಲಾರಿ.

ಮೊದಲು ಬೆಳೆಗೆ ಹೊಡೆಯುವ ಔಷಧಿಯ ಲೆಕ್ಕ ಹೊಲ ಸುತ್ತುವ ನಮ್ಮ ಫೀಲ್ಡ್‌ಮನ್ ಡೈರಿಯಲ್ಲಿ, ತೂಕ ರಸೀದಿ ಪುಸ್ತಕದಲ್ಲಿ, ಡ್ರಮ್ಮಿನ ಬ್ಯಾಚ್ ನಂಬರ್ ಫ್ಯಾಕ್ಟರಿಯ ಎಕ್ಸೆಲ್‌ನಲ್ಲಿ ಇರುತ್ತಿತ್ತು. ಮೂರನ್ನೂ ಒಂದು ಆ್ಯಪ್‌ಗೆ ತರುವ ಕೆಲಸ ನನಗೆ ಬಂತು. ಪ್ರತಿ ಕ್ರೇಟಿಗೂ ಕ್ಯೂಆರ್ ಚೀಟಿ ಅಂಟಿಸಿದೆವು. ನಾನಂತೂ ಗೆದ್ದೆ ಅಂದುಕೊಂಡಿದ್ದೆ.

ಒಂದು ದಿನ ಕ್ವಾಲಿಟಿ ಮೇಡಂ ಸುಮ್ನೆ ಒಂದು ಡ್ರಮ್ ತೋರಿಸಿ, "ಇದು ಯಾರ ಹೊಲದ್ದು?" ಅಂದರು. ಸ್ಕ್ರೀನಿನಲ್ಲಿ ಆ ರಾತ್ರಿ ಮಾಲು ಕಳಿಸಿದ ಅಷ್ಟೂ ರೈತರ ಹೆಸರು ಬಂತು! ಗ್ರೇಡಿಂಗ್ ಮಷೀನಿಗೆ ಸುರಿದ ಮೇಲೆ ಎಲ್ಲರ ಕಾಯಿಯೂ ಒಂದೇ. ನಮ್ಮ ಚೀಟಿ ಖಾಲಿ ಕ್ರೇಟಿನ ಜೊತೆ ತೊಳೆಯಲು ಹೋಗಿತ್ತು.

ಯುರೋಪಿನಲ್ಲಿ ಬೇರೆ ಮಿತಿ ಹೇಳಿರದ ಔಷಧಿ ಕಾಯಿಯಲ್ಲಿ ಉಳಿಯಬಹುದಾದದ್ದು ಕಿಲೋಗೆ 0.01 ಮಿಲಿಗ್ರಾಂ ಅಷ್ಟೇ. ಒಬ್ಬರ ಕ್ರೇಟಿನಲ್ಲಿ ಅದು ಮೀರಿದರೆ ಇಡೀ ರಾತ್ರಿಯ ಮಾಲು ಅನುಮಾನಕ್ಕೆ ಬೀಳುತ್ತದೆ. ಒಂದೊಂದು ಊರಿನದನ್ನೇ ಬೇರೆಬೇರೆಯಾಗಿ ಓಡಿಸೋಣ ಅಂದೆ. "ರಾತ್ರಿ ಎರಡು ಗಂಟೆಗೆ ಮಷೀನ್ ಖಾಲಿ ಓಡಿಸೋದಾ ಸಾರ್?" ಅಂತ ಲೈನ್ ಸೂಪರ್‌ವೈಸರ್ ಗೊಣಗಿದರು. ಆದರೂ ಒಪ್ಪಿದರು. ಅಷ್ಟಾಗಿಯೂ ಊರಿನ ತನಕ ಗೊತ್ತಾಗುತ್ತಿತ್ತೇ ಹೊರತು ಹೊಲದ ತನಕ ಅಲ್ಲ.

ಅಂದಮೇಲೆ ಬೆರೆಯುವ ಮೊದಲೇ ತಡೆಯಬೇಕು. ಔಷಧಿ ಹೊಡೆದು ಕಾಯಬೇಕಾದಷ್ಟು ದಿನ ಆಗಿರದಿದ್ದರೆ ತೂಕದ ಚೀಟಿಯೇ ಬರದಂತೆ ಮಾಡಿದೆ. ಮೊದಲ ವಾರವೇ ಒಬ್ಬ ಹಿರಿಯ ರೈತರ ಮಾಲು ವಾಪಸ್ಸಾಯಿತು.

"ಔಷಧಿ ಕೊಟ್ಟೋರು ನೀವೇ, ಹೊಡೀರಿ ಅಂದೋರೂ ನೀವೇ. ನಿಮ್ಮ ಮೊಬೈಲು ತಡಿ ಅಂದ್ರೆ ಕಾಯಿ ತಡಿಯುತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ಆಗಿದ್ದು ಔಷಧಿ ಕೊಟ್ಟ ದಿನ, ದಂಡ ಬಿದ್ದಿದ್ದು ತಕ್ಕಡಿ ಮುಂದೆ, ಅದೂ ಅವರ ಮೇಲೆ. ಆ ದಿನದ ಮಾಲಿನ ದುಡ್ಡನ್ನು ಕಂಪನಿಯಿಂದ ಕೊಡಿಸಿದೆ. ಕ್ರೇಟು ಮಾತ್ರ ಒಳಗೆ ಬಿಡಲಿಲ್ಲ. ಆಮೇಲೆ ಆ್ಯಪ್ ಬದಲಿಸಿದೆವು. ಈಗ ಕೊಯ್ಲು ಶುರುವಾದ ಹೊಲಕ್ಕೆ ಹೊಡೆದ ಮೇಲೆ ಹೆಚ್ಚು ದಿನ ಕಾಯದೆ ಕೊಯ್ಯಬಹುದಾದಂಥ ಔಷಧಿ ಮಾತ್ರ ಫೀಲ್ಡ್‌ಮನ್ ಮೊಬೈಲಿನಲ್ಲಿ ಕಾಣುತ್ತದೆ. ತಕ್ಕಡಿ ಹತ್ತಿರ ಜಗಳ ಕಡಿಮೆಯಾಗಿದೆ. ಔಷಧಿ ಕೊಡುವ ಕಡೆ ಜಾಸ್ತಿಯಾಗಿದೆ, ಅದು ಪರವಾಗಿಲ್ಲ.

ತೂಕದ ಮೆಸೇಜ್ ಮೊಬೈಲಿಗೆ ಬಂದರೂ ಆ ಹಿರಿಯರು ಕಾಗದದ ಚೀಟಿ ಇಲ್ಲದೆ ಹೋಗುವುದಿಲ್ಲ. ಮನೆಯಲ್ಲಿ ಎಲ್ಲವನ್ನೂ ತಂತಿಗೆ ಚುಚ್ಚಿ ಇಟ್ಟಿದ್ದಾರೆ. ಹೋದ ಬಿಲ್ಲಿನಲ್ಲಿ ನಮಗೂ ಅವರಿಗೂ ಒಂದು ಕ್ರೇಟು ವ್ಯತ್ಯಾಸ ಬಂತು. ತಂತಿ ಬಿಚ್ಚಿ ಎಣಿಸಿದೆವು. ಅವರದ್ದೇ ಸರಿಯಿತ್ತು.