ಬಾರದ ಗೆಳೆಯರಿಗೆ ಹಾಕಿದ ಹುಲ್ಲಿನ ಆಸನ

2024 ನವೆಂಬರ್ 10, ಭಾನುವಾರ

ಬೆಳಿಗ್ಗೆಯಿಂದ ಇಂಗ್ಲಿಷ್ ಕವಿ ರಾಬರ್ಟ್ ಬ್ಲೂಮ್‌ಫೀಲ್ಡ್‌ನ 'ದಿ ಫಾರ್ಮರ್ಸ್ ಬಾಯ್' ಅನ್ನೋ ನಾಲ್ಕು ಋತುಗಳ ಕಾವ್ಯ ಮತ್ತೆ ಓದುತ್ತಿದ್ದೆ. ಶರತ್ಕಾಲದ ಭಾಗದ ಆ ಗುಡಿಸಲಿನ ಹತ್ತಿರ ನಿಂತುಬಿಟ್ಟೆ. ಮುಂದೆ ಹೋಗಲು ಮನಸ್ಸೇ ಬರಲಿಲ್ಲ.

ಗೈಲ್ಸ್ ಅನ್ನೋ ಹುಡುಗ. ಬಿತ್ತಿದ ಗೋಧಿ ಹೊಲದಲ್ಲಿ ಹಕ್ಕಿ ಓಡಿಸುವುದು ಅವನ ಕೆಲಸ. ದಿನವಿಡೀ ಒಬ್ಬನೇ. ಒಂದು ಪುಟ್ಟ ಗುಡಿಸಲು ಕಟ್ಟಿಕೊಂಡು ಬೆಂಕಿ ಹಾಕುತ್ತಾನೆ. ಸ್ಲೋ ಅನ್ನೋ ಪುಟ್ಟ ಕಾಡುಹಣ್ಣು ತುಂಬಿದ ಕೊಂಬೆ ಮುರಿದು ತಂದು ಸುಡಲು ಇಡುತ್ತಾನೆ. ಬರ್ತೀವಿ ಅಂತ ಗೆಳೆಯರು ಮಾತು ಕೊಟ್ಟಿದ್ದಾರೆ. ಅವರು ಕೂರಲಿ ಅಂತ ಹಸಿರು ಹುಲ್ಲಿನ ಹೆಂಟೆ ಹಾಕುತ್ತಾನೆ. ಒಲೆಯ ಮುಂದೆ ಗುಡಿಸುತ್ತಾನೆ. ಊರಿನ ಕಡೆ ನೋಡುತ್ತಾನೆ. ಯಾರೂ ಬರುವುದಿಲ್ಲ. ಅವರಿಗೆ ಬೇರೆ ಆಟ ಸಿಕ್ಕಿದೆ. ಇವನಿಗೆ ಮೊದಲು ಸಂಕಟ, ಆಮೇಲೆ ಸಿಟ್ಟು. ಅಷ್ಟು ಆಸೆಯಿಂದ ಕಟ್ಟಿದ ಗುಡಿಸಲೇ ಬೇಸರವಾಗಿಬಿಡುತ್ತದೆ.

ಹೊಲವನ್ನು ದೂರದಿಂದ ನೋಡಿ ಖುಷಿಪಟ್ಟವನಿಗೆ ಆ ಹುಲ್ಲಿನ ಹೆಂಟೆ ಹೊಳೆಯುವುದಿಲ್ಲ. ಬ್ಲೂಮ್‌ಫೀಲ್ಡ್ 11ನೇ ವಯಸ್ಸಿಗೆ ಇಂಗ್ಲೆಂಡಿನ ಸಫೋಕ್‌ನ ಸ್ಯಾಪಿಸ್ಟನ್ ಹಳ್ಳಿಯಲ್ಲಿ ಒಬ್ಬ ರೈತನ ಹತ್ತಿರ ಕೆಲಸಕ್ಕೆ ಸೇರಿದವನು. ಮೈಕಟ್ಟು ಸಣ್ಣದು. ಹೊಲದ ಕೆಲಸ ಇವನ ಕೈಲಾಗದು ಅಂತ ಲಂಡನ್ನಿಗೆ, ಜೋಡು ಹೊಲಿಯುವ ಅಣ್ಣನ ಹತ್ತಿರ ಕಳಿಸಿದರು.

ಕಾವ್ಯ ಹುಟ್ಟಿದ್ದು ಅಲ್ಲೇ. ಬೆಲ್ ಆಲಿಯ ಒಂದು ಅಟ್ಟದಲ್ಲಿ, ಬೇರೆ ಕೆಲಸಗಾರರ ಮಧ್ಯೆ ಕೂತು ಚರ್ಮ ಹೊಲಿಯುತ್ತಾ. ಚಳಿಗಾಲದ ಭಾಗವನ್ನಂತೂ ಪೂರ್ತಿ ತಲೆಯಲ್ಲೇ ಕಟ್ಟಿ, ಆಮೇಲೆ ಹಾಳೆಗೆ ಇಳಿಸಿದ. ಪ್ರಾಸದ ಜೋಡಿ ಸಾಲುಗಳು ನೆನಪಿಗೆ ಎಷ್ಟು ಆಸರೆಯಾಗಿರಬೇಕು, ಅಲ್ವಾ? ಇವನಿಗಿಂತ ಮೊದಲೇ 'ದಿ ಸೀಸನ್ಸ್' ಅನ್ನೋ ಋತುಗಳ ಕಾವ್ಯ ಬರೆದ ಜೇಮ್ಸ್ ಥಾಮ್ಸನ್‌ನ ನೆರಳು ಕೆಲವು ಕಡೆ ಜಾಸ್ತಿಯೇ ಇದೆ. ಆ ಸಾಲುಗಳು ನನಗೆ ಹಿಡಿಸುವುದಿಲ್ಲ. ಆದರೆ ಗುಡಿಸಲು ಅವನದೇ.

1800ರಲ್ಲಿ ಪುಸ್ತಕ ಬಂತು. ಮೂರು ವರ್ಷದೊಳಗೆ ಸುಮಾರು 26,000 ಪ್ರತಿ ಹೋಯಿತು. ಆ ಹೆಸರು ಬಂದ ಮೇಲೆ, 1804ರಲ್ಲಿ, ಜೆನ್ನರ್‌ನ ಸಿಡುಬಿನ ಲಸಿಕೆಯ ಪರವಾಗಿ 'ಗುಡ್ ಟೈಡಿಂಗ್ಸ್' ಬರೆದ. ಇವನು ಕೂಸಾಗಿದ್ದಾಗಲೇ ತಂದೆ ಸಿಡುಬಿನಿಂದ ಸತ್ತಿದ್ದ. ಮುಖವೂ ನೆನಪಿಲ್ಲದ ಆ ಅಪ್ಪನನ್ನು ನಡುರಾತ್ರಿ ಮಣ್ಣು ಮಾಡಿದ್ದನ್ನು ಅದರಲ್ಲಿ ಹೇಳುತ್ತಾನೆ. ಓದುವಾಗ ಗಂಟಲು ಕಟ್ಟುತ್ತದೆ.

ಆಮೇಲೆ ಪ್ರಕಾಶಕರು ದಿವಾಳಿಯಾದರು. ಕಣ್ಣು ಮಂದವಾಯಿತು. ಗಾಳಿಯೇ ನುಡಿಸುವ ಏಯೋಲಿಯನ್ ಹಾರ್ಪ್ ಅನ್ನೋ ತಂತಿವಾದ್ಯಗಳನ್ನು ಮಾಡಿ ಮಾರುತ್ತಿದ್ದ. 1823ರಲ್ಲಿ ಶೆಫರ್ಡ್ ಊರಲ್ಲಿ ಬಡವನಾಗಿಯೇ ತೀರಿಕೊಂಡ.

ರಾತ್ರಿ ಚಳಿಗಾಲದ ಭಾಗ ಗಟ್ಟಿಯಾಗಿ ಓದಬೇಕು. ಪುಸ್ತಕ ಮುಚ್ಚಿದ ಮೇಲೆ ಎಷ್ಟು ಸಾಲು ನನ್ನ ತಲೆಯಲ್ಲಿ ಉಳಿಯುತ್ತದೋ ನೋಡಬೇಕು.