ವಾರಕ್ಕೆರಡು ಪಾಠ, ದಿನಕ್ಕೆ ಮುಕ್ಕಾಲು ಗಂಟೆ

ಹೋದ ಶನಿವಾರ ಸಂಜೆ ಎರಡನೇ ವರ್ಷದ ಇಂಜಿನಿಯರಿಂಗ್ ಹುಡುಗಿ ವೀಣೆ ಮುಂದೆ ಕೂತವಳು, ಶ್ರುತಿ ಮಾಡಿಕೊಳ್ಳುವ ಮೊದಲೇ, "ಟೀಚರ್, ಈ ವಾರ ಒಂದಿನಾನೂ ನುಡಿಸಿಲ್ಲ, ಇಂಟರ್ನಲ್ಸ್ ಇತ್ತು" ಅಂದಳು. ಅವಳು ಅದನ್ನು ಬಾಯಿಬಿಟ್ಟು ಹೇಳಿದಳಲ್ಲ ಅಂತ ನನಗೆ ನಿಜವಾಗಲೂ ಸಂತೋಷವಾಯಿತು. "ಸರಿ ಕಣೆ, ಇವತ್ತು ಹೊಸ ಪಾಠ ಬೇಡ, ಇಲ್ಲೇ ಕೂತು ಜಂಟಿ ವರಸೆ ನುಡಿಸು" ಅಂದೆ. ಒಂದೊಂದು ಸ್ವರವನ್ನೂ ಎರಡೆರಡು ಸಲ ನುಡಿಸುವ ಆರಂಭದ ಪಾಠ ಅದು. ನಲವತ್ತು ನಿಮಿಷ ಇಬ್ಬರೂ ಜೊತೆಗೇ ನುಡಿಸಿದೆವು.

ಮೈಸೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ವೀಣೆ ಪಾಠ ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಚಿಕ್ಕ ಮಕ್ಕಳಿಗಿಂತ ಕಾಲೇಜಿನವರೇ ಹೆಚ್ಚು. ಶಾಲೆಯಲ್ಲಿದ್ದಾಗ ಕಲಿತು, ಹತ್ತನೇ ಕ್ಲಾಸು, ಪಿಯುಸಿ ಅಂತ ಬಿಟ್ಟು, ಈಗ ಮತ್ತೆ ಆಸೆಪಟ್ಟು ಬರುವವರು. ಅವರನ್ನು ಕಂಡರೆ ನನಗೆ ಗೌರವ. ಯಾರೂ ಬಲವಂತ ಮಾಡದೆ, ತಾವಾಗಿ ಬಂದವರು. ಅದಕ್ಕೇ ಮೊದಲ ದಿನವೇ ನನ್ನ ನಿರೀಕ್ಷೆಗಳನ್ನು ಕೂರಿಸಿಕೊಂಡು ಹೇಳಿಬಿಡುತ್ತೇನೆ.

ಮೊದಲನೆಯದು ದಿನಕ್ಕೆ ಮುಕ್ಕಾಲು ಗಂಟೆ. ಪಾಠದ ಹಿಂದಿನ ರಾತ್ರಿ ಮೂರು ಗಂಟೆ ಕೂತರೆ ಅದು ಲೆಕ್ಕಕ್ಕಿಲ್ಲ. ಕಾರಣ ಬೆರಳಿನಲ್ಲಿದೆ. ದಿನಾ ನುಡಿಸುವವರ ಎಡಗೈ ತೋರುಬೆರಳು, ನಡುಬೆರಳಿನ ತುದಿಯಲ್ಲಿ ತಂತಿ ಓಡಿದ ಗೆರೆ ಇರುತ್ತದೆ, ಅಲ್ಲಿ ಚರ್ಮ ಗಟ್ಟಿಯಾಗಿರುತ್ತದೆ. ಕೆಲವು ದಿನ ಬಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಒಂದೇ ಸಲ ಮೂರು ಗಂಟೆ ತಂತಿ ಎಳೆದರೆ ಬೆರಳು ಕೆಂಪಗೆ ಊದಿಕೊಂಡು, ಮರುದಿನ ಗಮಕ ಹಿಡಿಯಲು, ಅಂದರೆ ತಂತಿ ಎಳೆದು ಸ್ವರ ತೂಗಲು, ಹೋದರೆ ಉರಿಯುತ್ತದೆ. ಉರಿಗೆ ಹೆದರಿ ಹುಡುಗರು ತಂತಿಯನ್ನು ಅರ್ಧಕ್ಕೇ ಬಿಡುತ್ತಾರೆ, ಸ್ವರ ಮುಟ್ಟಬೇಕಾದ ಕಡೆ ಮುಟ್ಟುವುದಿಲ್ಲ.

ಇದು ನನಗೆ ಗೊತ್ತಾಗಿದ್ದು ಬಿ.ಎಸ್ಸಿ. ಓದುವಾಗ. ಒಂದು ವಾರ ವೀಣೆ ಮುಟ್ಟದೆ ಹೋಗಿ ನಮ್ಮ ಮೇಷ್ಟ್ರಿಗೆ "ದಿನಾ ಅಭ್ಯಾಸ ಮಾಡಿದೆ ಸಾರ್" ಅಂದೆ. ಅವರು ನನ್ನ ಎಡಗೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಬೈಯಲಿಲ್ಲ. ಅವತ್ತಿನಿಂದ ಒಂದು ತಿಂಗಳು ಬರೀ ಸರಳೆ ವರಸೆ, ಅಂದರೆ ಹೊಸಬರ ಮೊದಲ ಪಾಠ, ನುಡಿಸಿಸಿದರು. ನನ್ನ ಜೊತೆಯವರು ಎಷ್ಟೋ ಮುಂದಿನ ಪಾಠವಾದ ವರ್ಣ ಕಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಮಾಯಾಮಾಳವಗೌಳ ರಾಗದ ಸರಿಗಮ ನುಡಿಸುತ್ತಾ ನಾನು ಎಷ್ಟು ಅತ್ತಿದ್ದೇನೋ. ಅದಕ್ಕೇ ನನ್ನ ಹತ್ತಿರ ಬರುವವರಿಗೆ ಹೇಳುವುದು: ಆಗದಿದ್ದರೆ ಆಗಲಿಲ್ಲ ಅನ್ನಿ, ಇಲ್ಲೇ ಕೂತು ಮಾಡೋಣ.

ಹಾಸ್ಟೆಲಿನವರ ಕಷ್ಟ ಬೇರೆ. ನಾಲ್ಕಡಿ ಉದ್ದದ ವೀಣೆ ಇಡುವುದಕ್ಕೆ ಮೂವರ ರೂಮಿನಲ್ಲಿ ಜಾಗ ಎಲ್ಲಿದೆ? ಬೆಳಿಗ್ಗೆ ಆರೂಕಾಲರಿಂದ ಏಳರವರೆಗೆ ನಮ್ಮ ಮನೆ ಬಾಗಿಲು ತೆಗೆದಿರುತ್ತದೆ. ಎರಡು ವೀಣೆ ಇವೆ, ಬಂದು ನುಡಿಸಿಕೊಂಡು ಹೋಗಲಿ. ಆ ಹೊತ್ತಿಗೆ ನಾನು ಪಾಠ ಮಾಡುವುದಿಲ್ಲ, ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿರುತ್ತೇನೆ ಅಷ್ಟೆ. ಬರಲಾಗದ ದಿನ ತಾಳ ಹಾಕಿಕೊಂಡು ಹಾಡಲಿ. ಹಾಡಿದರೆ ವೀಣೆಗೆ ಏನು ಬಂತು ಎಂದು ಕೇಳುವವರಿದ್ದಾರೆ. ಬಹಳ ಬಂತು. ಹೊಸಬರು ಮೊದಲು ಕಲಿಯುವ ಪಿಳ್ಳಾರಿ ಗೀತೆಯನ್ನೇ ತೆಗೆದುಕೊಳ್ಳಿ, ಮಲಹರಿ ರಾಗದ 'ಶ್ರೀ ಗಣನಾಥ'. 'ಶ್ರೀ' ಒಂದೇ ಅಕ್ಷರ, ಆದರೆ ಅದಕ್ಕೆ ಮ, ಪ ಎರಡು ಸ್ವರ. ಸ್ವರ ಮಾತ್ರ ಉರುಹೊಡೆದ ಹುಡುಗರು ಎರಡಕ್ಕೂ ಮೀಟುತ್ತಾರೆ, 'ಶ್ರೀ' ಎರಡು ತುಂಡಾಗುತ್ತದೆ. ಹಾಡಿಕೊಂಡು ಬಂದವರು ಮಧ್ಯಮಕ್ಕೆ ಒಮ್ಮೆ ಮೀಟಿ ಅದೇ ನಾದದಲ್ಲಿ ಪಂಚಮಕ್ಕೆ ಜಾರುತ್ತಾರೆ. ಸಾಹಿತ್ಯ ಗೊತ್ತಿಲ್ಲದೆ ಮೀಟು ಎಲ್ಲಿ ಹಾಕಬೇಕೆಂದು ಯಾರು ಹೇಳಿಕೊಟ್ಟರೂ ನಿಲ್ಲುವುದಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ, ಕೊನೆಯ ಹತ್ತು ನಿಮಿಷ ಮಾತ್ರ. ಪಾಠ ಪೂರ್ತಿ ರೆಕಾರ್ಡ್ ಆಗುತ್ತಿದೆ ಅಂದರೆ ಕಿವಿ ಆ ಹೊತ್ತಿಗೆ ರಜಾ ತೆಗೆದುಕೊಳ್ಳುತ್ತದೆ. ಸ್ವರ, ಸಾಹಿತ್ಯ ಎರಡನ್ನೂ ಪುಸ್ತಕದಲ್ಲಿ ಕೈಯಾರೆ ಬರೆದುಕೊಳ್ಳಬೇಕು.

ವಾದ್ಯದ ಕಾಳಜಿಯೂ ಅವರದೇ. ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಒಬ್ಬ ಹುಡುಗ ಕಾಲೇಜಿಗೆ ಹೋಗುವಾಗ ವೀಣೆಯನ್ನು ಕಾರಿನಲ್ಲೇ ಬಿಟ್ಟು ಹೋಗಿದ್ದ. ಸಂಜೆ ತಂದು ಚೀಲ ಬಿಚ್ಚಿದಾಗ ಮೇಣ ಇಳಿದು, ತಂತಿಯ ಕೆಳಗಿನ ಲೋಹದ ಮೆಟ್ಟಿಲುಗಳು ಒಂದರ ಮೇಲೊಂದು ವಾಲಿದ್ದವು. 24 ಮೆಟ್ಟಿಲುಗಳೂ ನಿಂತಿರುವುದು ಮೇಣದ ಮೇಲೆ. ಆ ಮೇಣ ಬಿಸಿಲು ತಡೆಯುವುದಿಲ್ಲ. ಮೇಳ ಕಟ್ಟಿಸಿಕೊಂಡು, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಮತ್ತೆ ಕೂರಿಸಿಕೊಂಡು, ಬರಲು ಎರಡು ವಾರವಾಯಿತು, ಆ ಎರಡು ವಾರ ಅವನ ಮುಖ ನೋಡಲಾಗುತ್ತಿರಲಿಲ್ಲ. ಬೆಳಿಗ್ಗೆ ಬಂದು ನನ್ನ ವೀಣೆ ನುಡಿಸಿ ಹೋಗುತ್ತಿದ್ದ. ಈಗ ಹೊಸಬರಿಗೆ ಅವನೇ ಈ ಪಾಠ ಹೇಳುತ್ತಾನೆ.

ಫೀಸು ತಿಂಗಳಿಗೆ, ಕ್ಲಾಸಿನ ಲೆಕ್ಕಕ್ಕಲ್ಲ. ಬರುವುದಿಲ್ಲವಾದರೆ ಹಿಂದಿನ ದಿನ ಒಂದು ಮೆಸೇಜು. ಅದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ತಂದೆ ತಾಯಂದಿರು ಫೋನ್ ಮಾಡಿ ಕೇಳುವುದು ಸಂಗೀತದ ಜೂನಿಯರ್ ಪರೀಕ್ಷೆಗೆ ಯಾವಾಗ ಕೂರಿಸುತ್ತೀರಿ ಅಂತ. ಕೂರಿಸುತ್ತೇನೆ, ಪರೀಕ್ಷೆ ಒಳ್ಳೆಯದೇ. ಆದರೆ ಅಲಂಕಾರಗಳು, ಅಂದರೆ ಬೇರೆ ಬೇರೆ ತಾಳಗಳಲ್ಲಿ ಕಟ್ಟಿದ ಸ್ವರದ ಪಾಠಗಳು, ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ಲಯ ಓಡದೆ ನಿಲ್ಲುವವರೆಗೆ ಅರ್ಜಿ ತುಂಬಿಸುವುದಿಲ್ಲ. ಒಂದನೇ ಕಾಲದಿಂದ ಎರಡನೇ ಕಾಲಕ್ಕೆ ಹೋಗುವಾಗ ನಿಖರವಾಗಿ ಎರಡು ಪಟ್ಟಾಗಬೇಕು, ಸುಮಾರಾಗಿ ಜೋರಾದರೆ ಸಾಲದು. ಸೆಮಿಸ್ಟರ್ ಪರೀಕ್ಷೆ ಬಂತೆಂದು ಎರಡು ತಿಂಗಳು ರಜಾ ಕೇಳಿದರೂ ಕೊಡುವುದಿಲ್ಲ. ಬಂದು ಹದಿನೈದು ನಿಮಿಷ ನುಡಿಸಿ ಹೋಗಲಿ. ಎರಡು ತಿಂಗಳು ಬಿಟ್ಟವರಲ್ಲಿ ವಾಪಸು ಬಂದವರನ್ನು ನಾನು ಬೆರಳಲ್ಲಿ ಎಣಿಸಬಹುದು.

ತಿಂಗಳಿಗೊಂದು ಸಂಗೀತ ಕಚೇರಿ ಪೂರ್ತಿ ಕೂತು ಕೇಳಬೇಕು, ಇದೂ ಪಾಠದ ಭಾಗವೇ. ವೀಣೆ ಶೇಷಣ್ಣನವರು, ವೆಂಕಟಗಿರಿಯಪ್ಪನವರು, ದೊರೆಸ್ವಾಮಿ ಅಯ್ಯಂಗಾರ್ಯರು ನುಡಿಸಿದ ಊರಿದು. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿಗಳಿಗೆ ಎಲ್ಲರನ್ನೂ ನಾನೇ ಕರೆದುಕೊಂಡು ಹೋಗುತ್ತೇನೆ. ಮೊದಲ ವರ್ಷ, ಮೃದಂಗದವರೇ ನುಡಿಸುವ ತನಿ ಆವರ್ತನಕ್ಕೆ ಎದ್ದು ಹೋಗುತ್ತಿದ್ದ ಹುಡುಗಿ, ಹೋದ ವರ್ಷ ತಾಳ ಬಿಡದೆ ಕೊನೆಯವರೆಗೆ ಕೂತಿದ್ದಳು.

ಶನಿವಾರದ ಹುಡುಗಿ ಇವತ್ತು ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಬಂದಳು. ನಾನು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಜಂಟಿ ಎರಡನೇ ಕಾಲದಲ್ಲಿ ಒಂದು ಕಡೆ ತಪ್ಪಿತು, ನಿಲ್ಲಿಸಿ, ಮತ್ತೆ ಒಂದನೇ ಕಾಲದಿಂದ ಹಿಡಿದಳು. ನಾನು ಹೊರಗೆ ಬರಲಿಲ್ಲ.