ಟಿವಿಯಲ್ಲಿ ಗೊಮ್ಮಟ ಅಗಲ ಆಗಿದ್ದ

ನಮ್ಮ ಚಿಕ್ಕಪ್ಪ ಹೈಸ್ಕೂಲ್ ಸೋಶಿಯಲ್ ಮೇಷ್ಟ್ರಾಗಿದ್ದೋರು, ಈಗ ರಿಟೈರ್ ಆದ್ಮೇಲೆ ಹಾಸನದ ಸುತ್ತಮುತ್ತ ಯಾರು ಕರೆದ್ರೂ ಹೋಗಿ ನಮ್ಮ ಜಿಲ್ಲೆಯ ಶಾಸನ, ದೇವಸ್ಥಾನ ಅಂತ ಒಂದು ಗಂಟೆ ಮಾತಾಡಿ ಬರ್ತಾರೆ, ಫೋಟೋ ಎಲ್ಲ ಅವರೇ ತೆಗ್ದಿರೋದು. ಬೇಲೂರಲ್ಲಿ ಕಾರ್ಯಕ್ರಮ ಇತ್ತು, ಹಿಂದಿನ ಭಾನುವಾರ ಮನೆ ಟಿವಿಗೆ ಲ್ಯಾಪ್‌ಟಾಪ್ ಹಾಕಿ ಒಂದ್ಸಲ ಪ್ರಾಕ್ಟೀಸ್ ಮಾಡೋಣ ಅಂದ್ರು. ಎಚ್‌ಡಿಎಂಐ ಕೇಬಲ್ ಚುಚ್ಚಿ, ವಿಂಡೋಸ್ ಕೀ ಜೊತೆ ಪಿ ಒತ್ತಿ ಡೂಪ್ಲಿಕೇಟ್ ಕೊಟ್ಟೆ, ಮೊದಲನೇ ಸ್ಲೈಡೇ ಶ್ರವಣಬೆಳಗೊಳದ ಗೊಮ್ಮಟ.

ಚಿಕ್ಕಪ್ಪ ಎದ್ದು ಟಿವಿ ಹತ್ರ ಹೋಗಿ ನಿಂತ್ಕೊಂಡ್ರು. "ಪುಟ್ಟಿ, ಇದೇನಮ್ಮ ಭುಜ ಹಿಂಗಾಗ್ಬಿಟ್ಟಿದೆ, 57 ಅಡಿ ಎತ್ತರದ ಮೂರ್ತಿ, ಕುಳ್ಳಗೆ ಕಾಣ್ತಿದೆಯಲ್ಲೇ" ಅಂದ್ರು. ಅವರಿಗೆ ನಿಜವಾಗ್ಲೂ ಬೇಜಾರಾಗಿತ್ತು, ನನಗೂ.

ಆಗಿದ್ದೇನು ಅಂದ್ರೆ, ನನ್ನ ಲ್ಯಾಪ್‌ಟಾಪ್ 1366×768, ಟಿವಿ 1920×1080 (ಅಡ್ಡಕ್ಕೆ ಎಷ್ಟು ಚುಕ್ಕಿ, ಉದ್ದಕ್ಕೆ ಎಷ್ಟು ಅಂತ, ಇದಕ್ಕೇ ರೆಸಲ್ಯೂಷನ್ ಅನ್ನೋದು). ಡೂಪ್ಲಿಕೇಟ್ ಅಥವಾ ಮಿರರ್ ಅಂದ್ರೆ ಕಂಪ್ಯೂಟರ್ ಒಂದೇ ಚಿತ್ರ ಬಿಡಿಸಿ ಎರಡು ಕಡೆಗೂ ಕಳಿಸೋದು, ಹಂಗಾಗಿ ಇಬ್ಬರಿಗೂ ಆಗೋ ಒಂದು ಅಳತೆ ಹುಡುಕುತ್ತೆ. ಪ್ರತಿ ಟಿವಿ, ಮಾನಿಟರ್ ಒಳಗೂ ಇಡಿಐಡಿ ಅಂತ ಒಂದು ಚಿಕ್ಕ ಮಾಹಿತಿ ಇರುತ್ತೆ, ಶುರುವಿನ ಭಾಗ ಬರೀ 128 ಬೈಟು, 1994ರಿಂದ ಇರೋ ಪದ್ಧತಿ, ನಾನು ಈ ಈ ರೆಸಲ್ಯೂಷನ್ ತೋರಿಸಬಲ್ಲೆ ಅಂತ ಕೇಬಲ್ ಮೂಲಕ ಅದೇ ಹೇಳುತ್ತೆ. ಎರಡರ ಪಟ್ಟಿನೂ ನೋಡಿ ನನ್ನ ಲ್ಯಾಪ್‌ಟಾಪ್ 1024×768 ಆರಿಸ್ಕೊಂಡಿತ್ತು. ಅದು 4:3 ಆಕಾರ (ಅಗಲ 4 ಪಾಲು, ಎತ್ತರ 3 ಪಾಲು), ಟಿವಿ 16:9. ಟಿವಿ ಅದನ್ನ ಎಡಕ್ಕೂ ಬಲಕ್ಕೂ ಎಳೆದು ಪೂರ್ತಿ ತುಂಬಿಸಿದ್ರಿಂದ ಪ್ರತಿಯೊಂದೂ ಮೂರನೇ ಒಂದು ಭಾಗ ಜಾಸ್ತಿ ಅಗಲ ಆಗಿತ್ತು. ಗೊಮ್ಮಟನ ಭುಜ ಅದಕ್ಕೇ ಹಂಗೆ.

ಎರಡನೇ ಪರದೆ ಮಾತ್ರ ಅಂತ ಕೊಟ್ರೆ ಟಿವಿಗೆ ಅದರದೇ 1920×1080 ಸಿಗುತ್ತೆ, ಚಿತ್ರ ಚೊಕ್ಕ. ಆದ್ರೆ ಚಿಕ್ಕಪ್ಪನಿಗೆ ಎದುರುಗಡೆ ಲ್ಯಾಪ್‌ಟಾಪಲ್ಲೂ ಕಾಣಬೇಕು, ಜನಕ್ಕೆ ಬೆನ್ನು ತೋರಿಸಿ ಮಾತಾಡೋದು ಅವರಿಗೆ ಆಗೋದೇ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ 1280×720 ಮಾಡಿದೆ, ಅದೂ 16:9ನೇ, ಎರಡೂ ಕಡೆ ಇತ್ತು. ಅಕ್ಷರ ಎರಡು ಕಡೆನೂ ಸ್ವಲ್ಪ ಮಸುಕಾಯ್ತು ಆದ್ರೆ ಗೊಮ್ಮಟ ಸರಿಯಾದ. ನನ್ನ ಪ್ರಕಾರ ಮೊದಲು ಆಕಾರ ನೋಡಬೇಕು, ಆಮೇಲೆ ಸ್ಪಷ್ಟತೆ, ಮಸುಕನ್ನ ಕಣ್ಣು ಒಪ್ಕೊಳ್ಳುತ್ತೆ, ಸೊಟ್ಟ ಆಗಿರೋದನ್ನ ಒಪ್ಪಲ್ಲ. (ತಮ್ಮನ ಲಿನಕ್ಸ್ ಲ್ಯಾಪ್‌ಟಾಪಲ್ಲಿ ಎಕ್ಸ್‌ರ‍್ಯಾಂಡರ್ ಅನ್ನೋ ಕಮಾಂಡಿಗೆ ಸ್ಕೇಲ್-ಫ್ರಮ್ ಅಂತ ಸೇರಿಸಿ, ಟಿವಿಯ 1920×1080 ಚಿತ್ರನೇ ಲ್ಯಾಪ್‌ಟಾಪಿನ ಚಿಕ್ಕ ಪರದೆಗೆ ಕುಗ್ಗಿಸಬಹುದು, ಟಿವಿ ಕಡೆ ಒಂಚೂರೂ ಮಸುಕಾಗಲ್ಲ, ನನಗೆ ಅದು ತುಂಬಾ ಇಷ್ಟ ಆಯ್ತು.)

ಆಮೇಲೆ ಹಲ್ಮಿಡಿ ಶಾಸನದ ಫೋಟೋ ಬಂತು, ಬೇಲೂರು ತಾಲೂಕಿಂದೇ, ಕ್ರಿ.ಶ. ಸುಮಾರು 450ರದ್ದು ಅಂತಾರೆ, 16 ಸಾಲು. ಸ್ಲೈಡ್ ತುಂಬ ಅಂಚಿನವರೆಗೂ ಹಾಕಿದ್ವಿ, ಮೇಲಿನ ಸಾಲೇ ಅರ್ಧ ಇಲ್ಲ! 'ಜಯತಿ' ಅಂತ ಶುರುವಾಗೋ ಸಾಲು ಅದು, ಚಿಕ್ಕಪ್ಪ ಮಾತು ಶುರು ಮಾಡೋದೇ ಅಲ್ಲಿಂದ. ಲ್ಯಾಪ್‌ಟಾಪಲ್ಲಿ ನೋಡಿದ್ರೆ ಪೂರ್ತಿ ಇದೆ. ಇದು ಓವರ್‌ಸ್ಕ್ಯಾನ್, ಹಳೇ ಡಬ್ಬಾ ಟಿವಿ ಕಾಲದ ಅಭ್ಯಾಸ, ಚಿತ್ರನ ಸ್ವಲ್ಪ ದೊಡ್ಡದು ಮಾಡಿ ಅಂಚು ಕತ್ತರಿಸಿಬಿಡೋದು. ಕಂಪ್ಯೂಟರ್ ಕಡೆ ಏನು ಮಾಡಿದ್ರೂ ಹೋಗ್ಲಿಲ್ಲ, ಟಿವಿ ರಿಮೋಟ್ ತಗೊಂಡು ಪಿಕ್ಚರ್ ಸೈಜಲ್ಲಿ ಜಸ್ಟ್ ಸ್ಕ್ಯಾನ್ ಅಂತ ಇತ್ತು, ಅದು ಕೊಟ್ಟ ತಕ್ಷಣ 'ಜಯತಿ' ವಾಪಸ್ ಬಂತು. ಕೆಲವು ಟಿವಿಲಿ ಇದಕ್ಕೇ ಸ್ಕ್ರೀನ್ ಫಿಟ್ ಅಂತಿರುತ್ತೆ.

ಅವತ್ತೇ ರಾತ್ರಿ ಒಂದು ಸ್ಲೈಡ್ ಮಾಡಿ ಎಲ್ಲಕ್ಕಿಂತ ಮುಂದೆ ಇಟ್ಟೆ. ನಡುವೆ ಒಂದು ದೊಡ್ಡ ವೃತ್ತ, ನಾಲ್ಕು ಮೂಲೆಗೆ ಅಂಚಿಗೆ ತಾಗೋ ಹಂಗೆ 1, 2, 3, 4. ಅಷ್ಟೇ.

ಬೇಲೂರಲ್ಲಿ ಹಾಲ್‌ನಲ್ಲಿದ್ದದ್ದು ಹಳೇ ಪ್ರೊಜೆಕ್ಟರ್, 1024×768, ಹಳೇ ತರದ ವಿಜಿಎ ಕೇಬಲ್, ನಾನು ಎಚ್‌ಡಿಎಂಐನ ಅದಕ್ಕೆ ಬದಲಾಯಿಸೋ ಕನ್ವರ್ಟರ್ ತಗೊಂಡೋಗಿದ್ದೆ. ಮುಂಚೆನೇ ಫೋನ್ ಮಾಡಿ ಕೇಳ್ಕೊಂಡಿದ್ರಿಂದ ಸ್ಲೈಡನ್ನೂ 4:3 ಮಾಡಿದ್ವಿ, ಇಲ್ಲಾಂದ್ರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಚಿತ್ರಕ್ಕೆ 1024×576 ಮಾತ್ರ ಉಳಿಯೋದು. ಡೂಪ್ಲಿಕೇಟ್ ಕೊಟ್ಟೆ, ಈ ಸಲ ಲ್ಯಾಪ್‌ಟಾಪಲ್ಲಿ ವೃತ್ತ ಮೊಟ್ಟೆ ತರ ಅಡ್ಡಡ್ಡ ಎಳೆದು ಕೂತಿದೆ, ಚಿಕ್ಕಪ್ಪನ ಮುಖ ಇಳಿದೋಯ್ತು. "ಚಿಕ್ಕಪ್ಪ ಇಲ್ಲಿ ನೋಡ್ಬೇಡಿ, ಗೋಡೆ ನೋಡಿ" ಅಂದೆ. ಅವರು ಗೋಡೆ ಹತ್ರ ಹೋಗಿ ವೃತ್ತದ ಮೇಲೆ ಕೈ ಇಟ್ಟು ಅಡ್ಡಕ್ಕೆ ಅಳೆದ್ರು, ಐದು ಗೇಣು. ಉದ್ದಕ್ಕೆ ಅಳೆದ್ರು, ಐದು ಗೇಣು. ಬೆಳಕೆಲ್ಲ ಅವರ ಅಂಗಿ ಮೇಲೆ ಬೀಳ್ತಿತ್ತು. "ಸರಿಯಾಗಿದೆ ಕಣಮ್ಮ" ಅಂತ ತಿರುಗಿ ನೋಡಿದ್ರಲ್ಲ, ಆ ಮುಖ ನನಗೆ ಇನ್ನೂ ಕಣ್ಣಲ್ಲೇ ಇದೆ. ನಾಲ್ಕು ಮೂಲೆ ನಂಬರೂ ಕಾಣ್ತಿತ್ತು. ಜನ ನೋಡೋದು ಗೋಡೆನ, ಅಲ್ಲಿ ಸರಿ ಇರಬೇಕು, ನಮ್ಮ ಲ್ಯಾಪ್‌ಟಾಪ್ ಹೆಂಗಾದ್ರೂ ಇರ್ಲಿ.

ಮುಂದಿನ ತಿಂಗಳು ಚಿಕ್ಕಮಗಳೂರಿಗೆ ಕರೆದಿದ್ದಾರೆ, ಅಲ್ಲಿ ಪ್ರೊಜೆಕ್ಟರ್ 1280×800 ಅಂತೆ, 16:10. ಆ 800 ನನ್ನ ಲ್ಯಾಪ್‌ಟಾಪಿನ 768ರಲ್ಲಿ ಹಿಡಿಸಲ್ಲ, ಹಂಗಾಗಿ ಮಿರರ್ ಬಿಟ್ಟು ಎಕ್ಸ್‌ಟೆಂಡ್ ಮಾಡಿ ಚಿಕ್ಕಪ್ಪನ ಎದುರಿಗೆ ಬರೀ ನೋಟ್ಸ್ ಇಟ್ಟು ಗೋಡೆಗೆ ಪೂರ್ತಿ ಸ್ಲೈಡ್ ಕಳಿಸಬೇಕು, ಈ ಭಾನುವಾರ ಅದನ್ನ ಅವರಿಗೆ ಅಭ್ಯಾಸ ಮಾಡಿಸ್ತೀನಿ.